ಗಾಲಿ, ನಾಬ್, ಹಿಡಿಕೆ ಗಟ್ಟಿ ಕೂಡಬೇಕಾದ್ರ ಒಳಗ ಏನ್ ಹಾಕಬೇಕು?

ನವನಗರ ಮನಿಕೆಲಸ (ಬಾಗಲಕೋಟೆ)

ಅಡಗಿಮನಿ ಟ್ರಾಲಿ ಮಾಡಾಕತ್ತೀವಿ. 18 ಮಿ.ಮೀ. ಪ್ರಿ-ಲ್ಯಾಮ್ (ಮೊದಲ ಲ್ಯಾಮಿನೇಟ್ ಹಚ್ಚಿ ಬಂದ) ಪಾರ್ಟಿಕಲ್ ಬೋರ್ಡು, ತಳದ ಹಲಗಿ 600 × 450. ಹಿಟ್ಟು, ಅಕ್ಕಿ, ಬ್ಯಾಳಿ ಡಬ್ಬಿ ಸೇರಿ 70 ಕೆ.ಜಿ. ತನಕ ಭಾರ ಬೀಳ್ತೈತಿ, ಟ್ರಾಲಿದು ಬ್ಯಾರೆ 20 ಕೆ.ಜಿ. ಗಾಲಿ ಬೋಲ್ಟಿನವು: 50 ಮಿ.ಮೀ. ಗಾಲಿ, ಬೋಲ್ಟು ಎಂ10 (ಅಂದ್ರ 10 ಮಿ.ಮೀ. ದಪ್ಪ), ಉದ್ದ 25 ಮಿ.ಮೀ. ನೆಲ ಶಹಾಬಾದ ಫರಸಿ, ಸಂದು ಅಗಲ ಅದಾವ. ಮ್ಯಾಲ ಎರಡು ಡ್ರಾವರ್, ಅವಕ್ಕ ಚೀನಿಮಣ್ಣಿನ ನಾಬ್.

ಅಂಗಡ್ಯಾಗ ಮೂರು ನಮೂನಿ ತೋರಿಸಿದ್ರು: ಹಲ್ಲಿನ ಟಿ-ನಟ್ (ತಟ್ಟಿಗೆ ಥ್ರೆಡ್ಡಿನ ಕೊಳವಿ ಇದ್ದು ಮರಕ್ಕ ಬಡಿಯೂದು), ತಿರುವಿ ಕೂಡ್ಸು ಇನ್ಸರ್ಟ್ ನಟ್ (ಒಳಗ-ಹೊರಗ ಥ್ರೆಡ್ ಇದ್ದದ್ದು), ಮತ್ತ ಬೋಲ್ಟಿನ ಗಾಲಿ ಬಿಟ್ಟು ನಾಕು ತೂತಿನ ಪ್ಲೇಟ್ ಗಾಲಿ. ಪಾರ್ಟಿಕಲ್ ಬೋರ್ಡಿಗೆ ಇವುಗಳಾಗ ಯಾವುದು ನಿಲ್ಲತೈತಿ? ಟಿ-ನಟ್ ಹಾಕೂದಾದ್ರ ಮ್ಯಾಲಿಂದ ಹೊಡೀಬೇಕೋ ಕೆಳಗಿಂದೋ?

---

ಶಹಾಪುರ ಕೌಂಟರ್ (ಬೆಳಗಾವಿ)

ಮೊದಲ ಒಂದ ಮಾತು. ಅದು ಖರೇನ ಎಂ10 ಐತೇನು, ಖಾತ್ರಿ ಮಾಡ್ಕೊಳ್ರಿ. ಕೌಂಟರದಾಗ "ಮೂರು ಸೂತಿನ ಬೋಲ್ಟು" ಅಂತ ಕೊಡೂದು 3/8 ಇಂಚು, ಅಂದ್ರ 9.5 ಮಿ.ಮೀ. ಕಣ್ಣಿಗೆ ಎಂ10 ಮತ್ತ ಇದು ಒಂದ ಕಾಣ್ತಾವ. ಒಂದು ಎಂ10 ನಟ್ ತಗೊಂಡು ಬರೇ ಬೆರಳಿಂದ ಬೋಲ್ಟಿಗೆ ಹತ್ತಿಸ್ರಿ. ಕಡೀತನಕ ಸಲೀಸ ಹೋದ್ರ ಎಂ10. ಮೂರ್ನಾಕು ಸುತ್ತು ಸಡಲ ಸಡಲ ಹೋಗಿ ಆಮ್ಯಾಲ ಕಚ್ಚಿದ್ರ ಅದು ಇಂಚಿಂದು. ಪಾನಾ ಹಾಕಿ ಒತ್ತಿ ತಿರುವಿದ್ರ ಎರಡೂ ಹಾಳು.

2.5 ಸೂತ, ಅಂದ್ರ 5/16 ಇಂಚಿನ ಬೋಲ್ಟು ಎಂ8ಕ್ಕ ಹಿಂಗ ಮೋಸ ಮಾಡ್ತೈತಿ.

ಗಾಲಿ ಬರೂದು ಮುಖ್ಯವಾಗಿ ಮೂರು ನಮೂನಿ. ಬೋಲ್ಟಿಂದು, ಪ್ಲೇಟಿಂದು, ಇನ್ನೊಂದು ಆಫೀಸ್ ಕುರ್ಚಿದು: ನುಣ್ಣನ್ನ ಸಳಿಗೆ ಸ್ಪ್ರಿಂಗ್ ಉಂಗುರ ಇರ್ತೈತಲ್ಲ, ಅದು. ಕುರ್ಚಿದು ಸಾಮಾನ್ಯ 11 ಮಿ.ಮೀ. ದಪ್ಪ, 22 ಮಿ.ಮೀ. ಉದ್ದ. ಆ ಉಂಗುರದ ಸಳಿ ತಂದು ಮರದಾಗ ತೂತು ಕೊರದು ಬಡದು ಕೂಡಸ್ತಾರ, ಅದು ನಿಲ್ಲಂಗಿಲ್ಲ. ಅದಕ್ಕ ಬ್ಯಾರೆ ಸಾಕೆಟ್ ಬೇಕು.

---

ಉದ್ಯಮಬಾಗ ಟರ್ನರ್ (ಬೆಳಗಾವಿ)

ಅಣ್ಣಾರು ಹೇಳಿದ ನಟ್ ಪರೀಕ್ಷೆ ಸರಿ. ಅದು ಯಾಕೆ ಹಾಗಾಗುತ್ತದೆ ಎಂಬುದಕ್ಕೆ ಅಳತೆ ಕೊಡುತ್ತೇನೆ. ಎಂ10ರ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಅಂತರ, 1.5 ಮಿ.ಮೀ. 3/8 ಇಂಚಿನದು ಇಂಚಿಗೆ 16 ಥ್ರೆಡ್, ಅಂದರೆ ಪಿಚ್ ಸುಮಾರು 1.59. ಪ್ರತಿ ಸುತ್ತಿಗೂ 0.09 ಮಿ.ಮೀ. ತಪ್ಪುತ್ತ ಹೋಗಿ, ನಾಲ್ಕನೇ ಸುತ್ತಿನ ಹೊತ್ತಿಗೆ ಥ್ರೆಡ್ ಒಂದರ ಮೇಲೊಂದು ಏರಿ ಕಚ್ಚುತ್ತದೆ. ಎಂ8ರ ಪಿಚ್ 1.25, 5/16 ಇಂಚಿನದು ಇಂಚಿಗೆ 18, ಅಂದರೆ 1.41. ಇಲ್ಲಿ ವ್ಯತ್ಯಾಸ ಹೆಚ್ಚಿರುವುದರಿಂದ ಎರಡು ಮೂರು ಸುತ್ತಿಗೇ ನಿಲ್ಲುತ್ತದೆ.

ಭಾರದ ಲೆಕ್ಕ. ನಾಲ್ಕು ಗಾಲಿ ಇದ್ದರೂ ಮೂರರಿಂದ ಭಾಗಿಸಬೇಕು. ಫರಸಿ ಎಂದೂ ಪೂರ್ತಿ ಸಮ ಇರುವುದಿಲ್ಲ, ಯಾವುದೋ ಒಂದು ಗಾಲಿ ಯಾವಾಗಲೂ ಅರೆ ಎತ್ತಿರುತ್ತದೆ. ನಿಮ್ಮ 90 ಕೆ.ಜಿ.ಯನ್ನು 3ರಿಂದ ಭಾಗಿಸಿದರೆ ಗಾಲಿಗೆ 30 ಕೆ.ಜಿ. ಸಂದಿಗೆ ಬಿದ್ದಾಗ ಆಗುವ ಧಕ್ಕೆ ಸೇರಿಸಿ 40 ಕೆ.ಜಿ. ಅಥವಾ ಅದಕ್ಕಿಂತ ಮೇಲಿನದನ್ನು ತೆಗೆದುಕೊಳ್ಳಿ.

ಗಾಲಿ ಕಿತ್ತು ಬರುವುದು ನೇರ ಭಾರದಿಂದ ಅಲ್ಲ. ನೇರ ಭಾರ ಬೋಲ್ಟಿನ ಬುಡದ ಅಗಲ ಬಳೆ (ಕಾಲರ್) ಮೂಲಕ ಹಲಗೆಯನ್ನು ಒತ್ತುತ್ತದೆ, ಅದನ್ನು ಪಾರ್ಟಿಕಲ್ ಬೋರ್ಡ್ ಕೂಡ ತಡೆಯುತ್ತದೆ. ಕೆಡಿಸುವುದು ಅಡ್ಡ ಎಳೆತ. ಗಾಲಿ ಸಂದಿಯಲ್ಲಿ ಸಿಕ್ಕಾಗ ದೂಡಿದರೆ 75 ಮಿ.ಮೀ. ಕೆಳಗಿನಿಂದ ಬೋಲ್ಟನ್ನು ಮೀಟಿದ ಹಾಗಾಗುತ್ತದೆ. ಬೋಲ್ಟು ಹಿಡಿದಿರುವ ತೂತು ಆಗ ಮೊಟ್ಟೆಯಾಕಾರ ಆಗುತ್ತದೆ, ಅಲ್ಲಿಂದ ಸಡಿಲ ಶುರು. ಹಾಗಾಗಿ ಕಾಲರ್ ಹಲಗೆಗೆ ಸುತ್ತಲೂ ಸಮನಾಗಿ ಕೂತಿರಬೇಕು. ಒಂದು ಕಡೆ ಕಾಗದ ತೂರುವಷ್ಟು ಎಡೆ ಕಂಡರೂ ತೂತು ಓರೆ ಕೊರೆದಿದೆ ಎಂದೇ ಅರ್ಥ.

ಇನ್ನೊಂದು: ಸಂದು ಅಗಲ ಇರುವ ಫರಸಿಗೆ 50 ಮಿ.ಮೀ. ಗಾಲಿ ಚಿಕ್ಕದು. 75 ಹಾಕಿ.

---

ಖಾನಾಪುರ ಸಾಗವಾನಿ (ಬೆಳಗಾವಿ ಜಿಲ್ಲೆ)

ಟಿ-ನಟ್ ಎಲ್ಲಿಂದ ಹೊಡೀಬೇಕು ಅನ್ನೋದಕ್ಕೆ ಉತ್ತರ: ಗಾಲಿ ಬರುವ ಕಡೆಯ ಎದುರಿನಿಂದ. ಬೋಲ್ಟು ಬಿಗಿದಂತೆಲ್ಲ ಹಲ್ಲು ಮರದೊಳಗೆ ಎಳೆದುಕೊಳ್ಳಬೇಕು. ಕೆಳಗಿನಿಂದ, ಅಂದರೆ ಗಾಲಿ ಕಡೆಯಿಂದಲೇ ಬಡಿದರೆ ಟ್ರಾಲಿ ಎತ್ತಿದಾಗ ನಟ್ ಸಮೇತ ಗಾಲಿ ಕೈಗೆ ಬರ್ತದೆ.

ಆದರೆ ಪಾರ್ಟಿಕಲ್ ಬೋರ್ಡಿಗೆ ನೇರ ಟಿ-ನಟ್ ಹೊಡೀಬೇಡಿ. ಹಲ್ಲು ಹೊಕ್ಕ ಜಾಗದಲ್ಲಿ ಹೊಟ್ಟು ಪುಡಿಯಾಗ್ತದೆ, ಮೇಲಿನ ಲ್ಯಾಮಿನೇಟ್ ಸಿಡೀತದೆ, ಬೋಲ್ಟು ಬಿಗಿಯುವಾಗ ಟಿ-ನಟ್ ಜೊತೆಗೇ ಗಿರ್ರನೆ ತಿರುಗ್ತದೆ. ಇನ್ಸರ್ಟ್ ನಟ್ಟೂ ಅಷ್ಟೇ, ಅಡ್ಡ ಎಳೆತಕ್ಕೆ ಒಂದು ಕವಳಿ ಬೋರ್ಡನ್ನೇ ಕಿತ್ತುಕೊಂಡು ಬರ್ತದೆ.

ಕೆಳಗೆ 18 ಮಿ.ಮೀ. ಪ್ಲೈವುಡ್ ಪಟ್ಟಿ ಹಾಕಿ, ಟಿ-ನಟ್ಟನ್ನು ಆ ಪಟ್ಟಿಗೆ ಹೊಡೀರಿ. ಪ್ಲೈ ಐಎಸ್ 710 ಗುರುತಿನದಾದರೆ ಅಡುಗೆಮನೆಯ ನೀರಿಗೆ ಒಳ್ಳೇದು. ಮೂಲೆಗೊಂದು ತುಂಡು ಹಾಕುವ ಬದಲು 450 ಮಿ.ಮೀ. ಉದ್ದ, 75 ಅಗಲದ ಎರಡು ಪಟ್ಟಿ ಮಾಡಿ. ಒಂದೊಂದು ಪಟ್ಟಿಗೆ ಎರಡು ಗಾಲಿ. ತಳದ ಹಲಗೆ ಭಾರಕ್ಕೆ ಜೋತು ಬೀಳೋದೂ ಕಡಿಮೆ ಆಗ್ತದೆ.

ಇಲ್ಲಿ ಎಷ್ಟೋ ಮಂದಿ ಎಡವುವ ಲೆಕ್ಕ ಒಂದಿದೆ. ಪಟ್ಟಿ 18, ಹಲಗೆ 18, ಒಟ್ಟು 36. ಟಿ-ನಟ್ಟನ್ನು ಹಲಗೆಯ ಮೇಲ್ಮುಖದಿಂದ ಹೊಡೆದರೆ ಅದರ ಕೊಳವೆ ಮೇಲಿನ 12 ಮಿ.ಮೀ. ಭಾಗದಲ್ಲಿ ಇರ್ತದೆ. ನಿಮ್ಮ ಬೋಲ್ಟು ಕೆಳಗಿನಿಂದ 25 ಮಾತ್ರ ಬರ್ತದೆ. ನಟ್ಟಿಗೆ ಸಿಗೋದು ಬರೀ ಒಂದು ಮಿ.ಮೀ. ಹತ್ತಿದಂತೆ ಅನಿಸ್ತದೆ, ಮೊದಲ ಧಕ್ಕೆಗೇ ಬಿಚ್ಚಿ ಬೀಳ್ತದೆ. ಅದಕ್ಕೆ ಟಿ-ನಟ್ ಎರಡರ ನಡುವೆ, ಅಂದರೆ ಪಟ್ಟಿಯ ಮೇಲ್ಮುಖದಲ್ಲಿ ಇರಬೇಕು.

ಕ್ರಮ ಹೀಗೆ. ಟಿ-ನಟ್ಟಿನ ಕೊಳವೆಯ ಹೊರ ಅಳತೆ ಕ್ಯಾಲಿಪರ್‌ನಿಂದ ನೋಡಿ. ಎಂ10ಕ್ಕೆ ಸಾಮಾನ್ಯವಾಗಿ 12 ಮಿ.ಮೀ. ಆಸುಪಾಸು ಇರ್ತದೆ. ಅಷ್ಟೇ ಗಾತ್ರದ ತೂತು, ಡ್ರಿಲ್ ಸ್ಟ್ಯಾಂಡ್ ಇಟ್ಟು ನೇರಕ್ಕೆ. ಕೊರೆಯುವಾಗ ಕೆಳಗೆ ಒಂದು ರದ್ದಿ ಹಲಗೆ ಒತ್ತಿ ಹಿಡಿದರೆ ಹಿಂಬದಿ ಸೀಳೋದಿಲ್ಲ. ಮೇಲ್ಮುಖದಲ್ಲಿ ಟಿ-ನಟ್ಟಿನ ತಟ್ಟೆ ಮುಳುಗುವಷ್ಟು, 2 ಮಿ.ಮೀ. ಆಳದ ಗುಂಡಿ ತೆಗೀರಿ. ಇಲ್ಲದಿದ್ದರೆ ಪಟ್ಟಿ ಮತ್ತು ಹಲಗೆಯ ನಡುವೆ ಎಡೆ ಉಳೀತದೆ. ಸುತ್ತಿಗೆಯಿಂದ ಬಡಿಯೋದಕ್ಕಿಂತ, ದೊಡ್ಡ ವಾಸರ್ ಹಾಕಿದ ಒಂದು ಎಂ10 ಬೋಲ್ಟನ್ನು ಎದುರಿನಿಂದ ಹಾಕಿ ಪಾನಾದಿಂದ ನಿಧಾನ ಬಿಗಿದರೆ ನಟ್ ಓರೆಯಾಗದೆ ಒಳಗೆ ಎಳೆದುಕೊಳ್ತದೆ. ಬಿಗಿದ ಮೇಲೆ ಆ ಬೋಲ್ಟು ತೆಗೆದುಬಿಡಿ.

ಬೋಲ್ಟಿನ ತುದಿ ಪಟ್ಟಿಯಿಂದ 7 ಮಿ.ಮೀ. ಮೇಲೆ ಬರ್ತದೆ. ತಳದ ಹಲಗೆಯಲ್ಲಿ ಅದೇ ಜಾಗಕ್ಕೆ 12 ಮಿ.ಮೀ. ಅಗಲ, 10 ಮಿ.ಮೀ. ಆಳದ ಕುರುಡು ತೂತು ಕೊರೆದು ಜಾಗ ಕೊಡಿ. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡ್ಕೊಳ್ಳಿ, ಆರುಪಾರಾದರೆ ಲ್ಯಾಮಿನೇಟ್ ಹೋಯ್ತು.

ಪಟ್ಟಿಯನ್ನು ಹಲಗೆಗೆ ಫೆವಿಕಾಲ್ ಹಾಕಿ ಅಂಟಿಸಿದೆ ಅಂತ ನೆಮ್ಮದಿಯಿಂದ ಇರಬೇಡಿ. ಪ್ರಿ-ಲ್ಯಾಮ್ ಮುಖಕ್ಕೆ ಮರದ ಅಂಟು ಹಿಡಿಯೋದಿಲ್ಲ. ಪಟ್ಟಿಗೆ ಐದೈದು ಎಂ6 × 45 ಬೋಲ್ಟು ಆರುಪಾರು ಹಾಕಿ. 36 ಹಲಗೆ, ನಟ್ 5, ವಾಸರ್ ಎರಡು ಸೇರಿದರೆ 44ರ ಹತ್ತಿರ ಬರ್ತದೆ, 45 ಸರಿ ಹೊಂದ್ತದೆ. ಟ್ರಾಲಿ ಒಳಗೆ ದುಂಡು ತಲೆ ಬರೋ ಹಾಗೆ ಹಾಕಿದರೆ ಡಬ್ಬಿಗೆ ತಗಲೋದಿಲ್ಲ.

---

ಶಹಾಪುರ ಕೌಂಟರ್

ಸಾಗವಾನಿ ಅಣ್ಣಾರ, ಅಷ್ಟೆಲ್ಲಾ ಮಾಡೂಕಿಂತ ಪ್ಲೇಟ್ ಗಾಲಿ ಹಾಕಿ ನಾಕು ಬೋಲ್ಟು ಆರುಪಾರು ಹೊಡದ್ರ ಆತಲ್ರಿ? ಟ್ರಾಲಿಗೆ ನಾ ಅದನ್ನ ಹೇಳ್ತೀನಿ. ಭಾರ ನಾಕು ಕಡೆ ಹಂಚ್ತೈತಿ, ಅಡ್ಡ ಎಳೆತಕ್ಕೂ ಗಟ್ಟಿ.

---

ಖಾನಾಪುರ ಸಾಗವಾನಿ

ಹೊಸದಾಗಿ ಗಾಲಿ ತರೋರಿಗೆ ನಿಮ್ಮ ಮಾತೇ ಸರಿ. ತಳದಲ್ಲಿ ಪ್ಲೇಟಿಗೆ ಜಾಗ ಇದ್ದರೆ ಪ್ಲೇಟ್ ಗಾಲಿಗೆ ಸಾಟಿ ಇಲ್ಲ. ಆದರೆ ಪ್ಲೇಟನ್ನೂ ಮರದ ಸ್ಕ್ರೂನಿಂದ ಪಾರ್ಟಿಕಲ್ ಬೋರ್ಡಿಗೆ ಕೂಡಿಸಿದರೆ ಮತ್ತೆ ಅದೇ ಕಥೆ. 18ರ ಬೋರ್ಡಿಗೆ 16 ಮಿ.ಮೀ. ಸ್ಕ್ರೂ ಹಾಕ್ತಾರೆ, ಪ್ಲೇಟಿನ ದಪ್ಪ ಹೋಗಿ ಒಳಗೆ ಹಿಡಿಯೋದು 13 ಮಿ.ಮೀ. ಪಾರ್ಟಿಕಲ್ ಬೋರ್ಡಿನ ನಡುಭಾಗ ಮೇಲ್ಮೈಗಿಂತ ಸಡಿಲ ಇರ್ತದೆ, ಸ್ಕ್ರೂನ ತುದಿ ಅಲ್ಲೇ ಕೂತಿರ್ತದೆ. ಪ್ಲೇಟ್ ಹಾಕಿದರೂ ಎಂ6 ಬೋಲ್ಟೇ ಬೇಕು, ಒಳಗೆ ಅಗಲ ವಾಸರ್ ಬೇಕು.

---

ಜಮಖಂಡಿ ವೆಲ್ಡಿಂಗ್

ಪ್ಲೇಟಿನ ತೂತಿನ ಅಂತರ ಒಂದೊಂದು ಮಾಲಿಗೆ ಒಂದೊಂದು ಇರ್ತೈತಿ. ಗಾಲಿ ಕೈಯಾಗ ಬರೂಮುಂಚೆ ತೂತು ಕೊರೀಬ್ಯಾಡ್ರಿ. ಹಳೇ ಗಾಲಿ ಹೋದಾಗ ಹೊಸಾದು ತರಾಕ ಹೋಗೂಮುಂದ ತೂತಿನ ನಡುವಿಂದ ನಡುವಿಗೆ, ಉದ್ದ-ಅಗಲ ಎರಡೂ ಅಳತಿ ಬರಕೊಂಡು ಹೋಗ್ರಿ. ಪ್ಲೇಟಿನ ಅಂಚಿನ ಅಳತಿ ತಗೊಂಡು ಹೋದ್ರ ಉಪಯೋಗ ಇಲ್ಲ.

ಕಬ್ಬಿಣದ ಸ್ಟ್ಯಾಂಡಿನ ವಿಷಯ ಹೇಳ್ತೀನಿ, ಯಾಕಂದ್ರ ನಮ್ಮ ಕಡೆ ಬ್ಯಾಸಗಿ ಬಂತಂದ್ರ ಕೂಲರ್ ಸ್ಟ್ಯಾಂಡಿಂದ ಕೆಲಸ. 50 ಲೀಟರ್ ನೀರು ಅಂದ್ರ 50 ಕೆ.ಜಿ., ಕೂಲರ್ ಮತ್ತ ಸ್ಟ್ಯಾಂಡು 20 ಹಿಡೀರಿ. ಅದರಾಗ ನೀರು ತುಳುಕಾಡೂದರಿಂದ ಭಾರ ಆ ಕಡೆ ಈ ಕಡೆ ಸರೀತೈತಿ. ಗಾಲಿಗೆ 35 ಕೆ.ಜಿ.ಗಿಂತ ಕಮ್ಮಿದು ತರಬ್ಯಾಡ್ರಿ.

25 × 25 ಚೌಕ ಪೈಪಿನ ಕಾಲಿಗೆ ಎರಡು ದಾರಿ. ಒಂದು, ಥ್ರೆಡ್ ಇದ್ದ ಪ್ಲಾಸ್ಟಿಕ್ ಬುಷ್ ಬಡಿಯೂದು. ಪೈಪಿನ ಹೊರ ಅಳತಿ ಹೇಳಿದ್ರ ಸಾಲಂಗಿಲ್ಲ, ದಪ್ಪ ಹೇಳಬೇಕು. ದಪ್ಪ 1.2 ಇದ್ರ ಒಳಗ 22.6 ಉಳೀತೈತಿ, 1.6 ಇದ್ರ 21.8. ಈ ಮುಕ್ಕಾಲು ಮಿ.ಮೀ.ದಾಗ ಬುಷ್ ಬಿಗಿ ಕೂಡೂದೋ ಸಡಲ ಕೂಡೂದೋ ಠರಾವ್ ಆಕ್ಕೈತಿ. ಪೈಪಿನ ಒಳಗ ಒಂದು ಮಗ್ಗಲಿಗೆ ಬೆಸಿಗಿ ಗೆರಿ ಎದ್ದಿರ್ತೈತಿ, ಅದನ್ನ ಕಾನಸಿಂದ ತಿಕ್ಕದ ಬುಷ್ ಬಡದ್ರ ಬುಷ್ ಒಡೀತೈತಿ. ಹಗುರ ಸಾಮಾನಿಗೆ ಇದು ನಡೀತೈತಿ, ಕೂಲರಿಗೆ ಬ್ಯಾಡ.

ಎರಡನೇದು ಗಟ್ಟಿ ದಾರಿ. 5 ಮಿ.ಮೀ. ಪಟ್ಟಿ ತುಂಡು 25 × 25 ಕತ್ತರಿಸಿ, ನಡುವ 11 ಮಿ.ಮೀ. ತೂತು ಕೊರದು, ಅದರ ಮ್ಯಾಲ ಎಂ10 ನಟ್ ಬೆಸೀರಿ. ಬೆಸಿಯೂಮುಂದ ಒಂದು ರದ್ದಿ ಬೋಲ್ಟಿಗೆ ಸಿಡಿ ಹತ್ತದಂಗ ಸ್ಪ್ರೇ ಹೊಡದು ಒಳಗ ಹಾಕಿಟ್ರ ನಟ್ ನಡುವನ ಕೂಡತೈತಿ, ಥ್ರೆಡ್ಡಿಗೆ ಸಿಡಿ ಬೀಳಂಗಿಲ್ಲ. ಮೂರು ಕಡೆ ಸಣ್ಣ ಟಾಕಾ ಸಾಕು. ಸುತ್ತ ಪೂರ್ತಿ ಬೆಸದ್ರ ಕಾವಿಗೆ ನಟ್ ಸೊಟ್ಟ ಆಕ್ಕೈತಿ. ಆಮ್ಯಾಲ ನಟ್ ಒಳಗ ಬರೂಹಂಗ ಆ ತುಂಡು ಪೈಪಿನ ಬಾಯಿಗೆ ಬೆಸೀರಿ. ಬಣ್ಣ ಹೊಡದ ಮ್ಯಾಲ ಎಂ10 ಟ್ಯಾಪ್ ಒಂದ ಸಲ ಓಡಸ್ರಿ.

ಬಿಳಿ ಪಾಲಿಶಿನ ಸತುವಿನ ನಟ್ ಹಂಗ ಬೆಸೀಬ್ಯಾಡ್ರಿ. ಸತುವಿನ ಹೊಗಿ ಕುಡದ್ರ ರಾತ್ರಿ ಚಳಿ-ಜ್ವರ ಬರ್ತೈತಿ. ಕರೀ ನಟ್ ತರ್ರಿ, ಸಿಗದಿದ್ರ ಬೆಸಿಯೂ ಮಗ್ಗಲ ತಿಕ್ಕಿ ಪಾಲಿಶ್ ತಗದು, ಗಾಳಿ ಆಡೂಕಡೆ ಕುಂತು ಮಾಡ್ರಿ.

---

ಇಳಕಲ್ ಅಕ್ಕ (ಬಾಗಲಕೋಟೆ ಜಿಲ್ಲೆ)

ಕುರ್ಚಿ ಗಾಲಿ ವಿಷಯಕ್ಕ ಬರ್ರಿ. ಸ್ಟೂಲಿನ ಮರದ ಕಾಲು 32 ಮಿ.ಮೀ. ಚೌಕ, ಜಾಲಿ ಕಟಗಿ. 11 ಮಿ.ಮೀ. ಸಳಿ ಗಾಲಿ ಅವ. ಸಾಕೆಟ್ ಹಾಕಿದ್ರೂ ಕಾಲು ಸೀಳೂದನ್ನ ತಡಿಯೂದು ಹೆಂಗ? ಜಾಲಿ ಬಾಳ ಬಿರಸು.

---

ಖಾನಾಪುರ ಸಾಗವಾನಿ

ಅಕ್ಕಾರೆ, ಜಾಲಿ ಬಿರುಸು ಅಷ್ಟೇ ಅಲ್ಲ, ಸೀಳೋ ಗುಣವೂ ಇದೆ. ತೂತನ್ನು ಸಾಕೆಟ್ಟಿನ ಹೊರ ಅಳತೆಗಿಂತ ಚಿಕ್ಕದು ಮಾಡಿ ಬಡಿದು ತುರುಕಬೇಡಿ. ತೂತು ಅಳತೆಗೆ ಸರಿಯಾಗಿ, ಕೈಯಿಂದ ಒತ್ತಿದರೆ ಮುಕ್ಕಾಲು ಹೋಗುವಷ್ಟು ಇರಲಿ. ಬಾಯಿಯ ಹಲ್ಲಿನ ತಟ್ಟೆ ಮಾತ್ರ ಬಡಿದು ಕೂಡಿಸಿ. ಆಳ ಸಳಿಗಿಂತ 5 ಮಿ.ಮೀ. ಹೆಚ್ಚು ಇರಲಿ, ಕೊರೆದ ಪುಡಿ ತಳದಲ್ಲಿ ಉಳಿದರೆ ಉಂಗುರ ಸಾಕೆಟ್ಟಿನಲ್ಲಿ ತನ್ನ ಜಾಗಕ್ಕೆ ಬಂದು ಕಚ್ಚೋದಿಲ್ಲ. ಬಡಿಯೋಕೆ ಮುಂಚೆ ಕಾಲಿಗೆ ಸುತ್ತ ಸಿ-ಕ್ಲಾಂಪ್ ಬಿಗಿದಿಡಿ. 30 ಮಿ.ಮೀ.ಗಿಂತ ಸಣ್ಣ ಕಾಲಿಗೆ ಸಳಿ ಗಾಲಿ ಹಾಕೋದೇ ಬೇಡ. ಹಾಕಲೇಬೇಕಾದರೆ ಕಾಲಿನ ತುದಿಗೆ ಹಿತ್ತಾಳೆ ಬಳೆ ತೊಡಿಸಿ ಆಮೇಲೆ ಕೊರೆಯಿರಿ.

ಕಾಲಿನ ತುದಿ ಅಂದರೆ ಎಳೆಗಳ ಕತ್ತರಿಸಿದ ಮುಖ. ಅಲ್ಲಿ ಸ್ಕ್ರೂ ಹಲಗೆಯ ಮುಖದಲ್ಲಿ ಹಿಡಿದಷ್ಟು ಹಿಡಿಯೋದಿಲ್ಲ, ಥ್ರೆಡ್ ಎಳೆಗಳ ನಡುವೆ ಕಚ್ಚುವ ಬದಲು ಅವುಗಳನ್ನು ಅಡ್ಡ ಕತ್ತರಿಸ್ತಾ ಹೋಗ್ತದೆ, ಆ ತುಂಡು ಎಳೆ ಸುಲಭ ಕಿತ್ತು ಬರ್ತದೆ. ಬೋಲ್ಟಿನ ಗಾಲಿಯಾದರೆ ಇನ್ಸರ್ಟ್ ನಟ್ ಜೊತೆ ಅರಾಲ್ಡೈಟ್ ತರಹದ ಎಪಾಕ್ಸಿ ಹಾಕಲೇಬೇಕು. ತೂತಿನ ಗೋಡೆಗೆ ಎಪಾಕ್ಸಿ ಸವರಿ, ನಟ್ಟಿನ ಒಳ ಥ್ರೆಡ್ಡಿಗೆ ಅಂಟು ಹೋಗದಂತೆ ಮೇಣ ಹಚ್ಚಿದ ಬೋಲ್ಟು ಹಾಕಿಟ್ಟುಕೊಂಡು ತಿರುವಿ. ಒಂದು ದಿನ ಬಿಟ್ಟು ಗಾಲಿ ಹಾಕಿ.

ಜಾಲಿಯಲ್ಲಿ ಒಗರು ಬಹಳ. ಹಸಿ ತಾಗಿದರೆ ಬರೀ ಕಬ್ಬಿಣದ ಸ್ಕ್ರೂ ಸುತ್ತ ಕಪ್ಪು ಕಲೆ ಬೀಳ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ 304 ಹಾಕಿ. ಹಿತ್ತಾಳೆ ಸ್ಕ್ರೂ ಮೆತ್ತಗೆ, ಜಾಲಿಯಲ್ಲಿ ನೇರ ತಿರುವಿದರೆ ತಲೆ ಮುರೀತದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಹಿತ್ತಾಳೆದು ಹಾಕಿ.

---

ಉದ್ಯಮಬಾಗ ಟರ್ನರ್

ಇನ್ಸರ್ಟ್ ನಟ್ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಸತುವಿನ ಎರಕದ, ಒಳಗೆ ಷಟ್ಕೋನ ಇರುವ ಅಗ್ಗದ ನಟ್ಟುಗಳು ಗಟ್ಟಿ ಮರದಲ್ಲಿ ತಿರುವುವಾಗ ಬಾಯಿ ಬಿರಿಯುತ್ತವೆ. ಗಟ್ಟಿ ಮರಕ್ಕೆ ಹಿತ್ತಾಳೆ ಅಥವಾ ಉಕ್ಕಿನದು. ಸೀಳಿಗೆ ಅಗಲ ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ನಟ್ ಓರೆಯಾಗಿಯೇ ಹೋಗುತ್ತದೆ. ಬೋಲ್ಟಿಗೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಅದರ ತುದಿಗೆ ಇನ್ಸರ್ಟ್ ಹತ್ತಿಸಿ, ಬೋಲ್ಟಿನ ತಲೆಯನ್ನು ಪಾನಾದಿಂದ ತಿರುವಿ. ಬೋಲ್ಟು ನೇರ ನಿಂತಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಮುಳುಗಿದ ಮೇಲೆ ನಟ್ಟುಗಳ ಬಿಗಿ ಬಿಡಿಸಿದರೆ ಬೋಲ್ಟು ಮಾತ್ರ ಹೊರಬರುತ್ತದೆ.

ತೂತಿನ ಅಳತೆ: ಹೊರ ಥ್ರೆಡ್ ಬಿಟ್ಟು ಒಳಗಿನ ದಿಂಡು ಎಷ್ಟಿದೆಯೋ ಮೆತ್ತನೆ ಮರಕ್ಕೆ ಅಷ್ಟೇ, ಸಾಗವಾನಿ ಜಾಲಿಗೆ ಅರ್ಧ ಮಿ.ಮೀ. ಹೆಚ್ಚು. ಪ್ಲೈವುಡ್ಡಿನ ಅಂಚಿಗೆ ಇನ್ಸರ್ಟ್ ಹಾಕಬೇಡಿ, ಪದರಗಳು ಬಾಯಿ ಬಿಡುತ್ತವೆ.

---

ನವನಗರ ಮನಿಕೆಲಸ

ಗಾಲಿದು ಸ್ಪಷ್ಟ ಆತ್ರಿ. 75 ಮಿ.ಮೀ. ಗಾಲಿ, ಎಂ10 × 25 ಬೋಲ್ಟಿಂದೇ ತರ್ತೀವಿ. ಇನ್ನ ನಾಬ್. ಡ್ರಾವರಿನ ಮುಂದಿನ ಹಲಗಿ 18, ಅದರ ಹಿಂದ ಡಬ್ಬಿದು 12ರ ಪ್ಲೈ. ನಾಬ್ ಜೋಡಿ ಬಂದ ಸ್ಕ್ರೂ ಎಂ4 × 25, ಮುಟ್ಟಂಗೇ ಇಲ್ಲ.

---

ಶಹಾಪುರ ಕೌಂಟರ್

ಮುಟ್ಟಂಗಿಲ್ಲರಿ ಅದು. 25ರ ಸ್ಕ್ರೂ 18ರ ಒಂಟಿ ಕದಕ್ಕ. ಲೆಕ್ಕ ಹಿಂಗ ಹಾಕ್ರಿ: ಹಲಗಿ ದಪ್ಪ, ಲ್ಯಾಮಿನೇಟ್ ಬ್ಯಾರೆ ಹಚ್ಚಿದ್ರ ಅದೂ, ಅದಕ್ಕ 7 ಮಿ.ಮೀ. ಕೂಡಸ್ರಿ. ನಿಮ್ಮದು 18 + 12 + 7, ಅಂದ್ರ 37. ಅಂಗಡ್ಯಾಗ 35 ಮತ್ತ 40 ಸಿಗ್ತಾವ. 35ಕ್ಕ ಐದ ಮಿ.ಮೀ. ಹತ್ತತೈತಿ, ಚೀನಿಮಣ್ಣಿನ ನಾಬಿಗೆ ಕಮ್ಮಿ ಆತು. 40 ತಗೊಂಡು, ನಾಬಿನ ತೂತು ಎಷ್ಟ ಆಳ ಐತಿ ಅಂತ ಒಂದು ಬೆಂಕಿಕಡ್ಡಿ ತೂರಿಸಿ ನೋಡ್ರಿ. ಆಳ ಕಮ್ಮಿ ಇದ್ರ ಸ್ಕ್ರೂ ತಳಕ್ಕ ಮುಟ್ಟಿ ನಿಲ್ತೈತಿ, ನಾಬ್ ಮಾತ್ರ ಗಿರಗಿರ ತಿರಗತೈತಿ. ಮಂದಿ ಇನ್ನಾ ಬಿಗೀತಾರ, ನಾಬ್ ಒಡೀತೈತಿ.

ಮುರಿಯೂ ಗುರುತಿನ 45ರ ಸ್ಕ್ರೂನೂ ಬರ್ತಾವ, ಬೇಕಾದಷ್ಟ ಅಳತಿಗೆ ಮುರಕೊಳ್ಳೂದು. ಮುರಿಯೂಮುಂಚೆ ಒಂದು ಎಂ4 ನಟ್ ಹತ್ತಿಸಿಟ್ಟು, ಮುರದ ಮ್ಯಾಲ ಆ ನಟ್ ತಿರುವಿ ತಗೀರಿ. ತುದೀಗೆ ಮಡಚಿದ ಥ್ರೆಡ್ ತಾನ ಸರಿ ಆಕ್ಕೈತಿ.

ಒಳಗಿನ ಬಾಜು ವಾಸರ್ ಹಾಕೂದು ಮರೀಬ್ಯಾಡ್ರಿ, ಇಲ್ಲಂದ್ರ 12ರ ಪ್ಲೈದಾಗ ಸ್ಕ್ರೂ ತಲಿ ಹುಗದು ಹೋಗತೈತಿ.

---

ಇಳಕಲ್ ಅಕ್ಕ

ಚೀನಿಮಣ್ಣಿನ ನಾಬಿಗೆ ಒಂದು ಸೇರಸ್ತೀನಿ. ನಾಬ್ ಮತ್ತ ಹಲಗಿ ನಡುವ ಫೈಬರ್ ಇಲ್ಲಾ ರಬ್ಬರ್ ವಾಸರ್ ಇರಬೇಕು. ಚೀನಿಮಣ್ಣು ಒತ್ತಡ ತಡೀತೈತಿ, ಒಂದ ಬಿಂದುವಿನ ಮ್ಯಾಲ ಬೀಳೂ ಒತ್ತಡ ತಡಿಯಂಗಿಲ್ಲ. ರಬ್ಬರ್ ಇದ್ರ ಬಿಗೀನೂ ಉಳೀತೈತಿ, ತಿರುಗೂದೂ ನಿಲ್ತೈತಿ. ಡ್ರಿಲ್ಲಿಗೆ ಬಿಟ್ ಹಾಕಿ ಬಿಗೀಬ್ಯಾಡ್ರಿ, ಕೈಯಿಂದ ಬಿಗೀರಿ. ತೂತು 5 ಮಿ.ಮೀ. ಇರಲಿ, 4ರದ ಮಾಡಿದ್ರ ಸ್ಕ್ರೂ ಓರೆ ಹೋಗಿ ನಾಬಿನ ಒಂದ ಮಗ್ಗಲ ಒತ್ತತೈತಿ.

ಹೊರದೇಶದಿಂದ ತರಿಸಿದ ನಾಬ್ ಇದ್ರ ಹುಷಾರ. ಅಮೆರಿಕಾದವು ಎಂ4 ಅಲ್ಲ, 8-32 ಅನ್ನೂ ಥ್ರೆಡ್. ದಪ್ಪ 4.17, ಇಂಚಿಗೆ 32 ಥ್ರೆಡ್. ಅದರಾಗ ನಮ್ಮ ಎಂ4 ಸಡಲ ಹೊಕ್ಕು, ಬಿಗಿದಾಗ ಜಾರತೈತಿ. ಜೋಡಿ ಬಂದ ಸ್ಕ್ರೂನ ಕಾಯ್ದಿಟ್ಕೋರಿ.

---

ಖಾನಾಪುರ ಸಾಗವಾನಿ

ಉದ್ದ ಹಿಡಿಕೆಯ ಎರಡು ತೂತಿನ ಅಂತರ ಈಗ ಬಹುತೇಕ 32ರ ಮಗ್ಗಿಯಲ್ಲೇ ಬರ್ತದೆ: 64, 96, 128, 160, 192. ಹಳೇ ಕಪಾಟುಗಳಲ್ಲಿ 3 ಇಂಚು, 4 ಇಂಚು ಇರ್ತಾವೆ. 4 ಇಂಚು ಅಂದರೆ 101.6, ಅದಕ್ಕೆ 96 ಹೊಂದೋದಿಲ್ಲ. ಹಳೇ ತೂತು ಮುಚ್ಚೋ ಕೆಲಸ ತಪ್ಪಿಸಬೇಕಾದರೆ ಹಿಂದೆ ತಟ್ಟೆ ಇರೋ ಹಿಡಿಕೆ ನೋಡಿ. ಹತ್ತು ಕದ ಇದ್ದರೆ 6 ಮಿ.ಮೀ. ಪ್ಲೈ ತುಂಡಿಗೆ ಎರಡು ತೂತು, ಎರಡು ಅಂಚಿಗೆ ತಡೆಪಟ್ಟಿ ಹೊಡೆದು ಅಚ್ಚು ಮಾಡ್ಕೊಳ್ಳಿ. ಲ್ಯಾಮಿನೇಟ್ ಮೇಲೆ ಟೇಪ್ ಹಚ್ಚಿ, ಮುಂಭಾಗದಿಂದ ಕೊರೆಯಿರಿ, ಹಿಂದೆ ರದ್ದಿ ಹಲಗೆ ಒತ್ತಿ ಹಿಡೀರಿ.

---

ಗುಮ್ಮಟದ ಕಡೆಯವರು (ವಿಜಯಪುರ)

ಬಾಗಿಲ ನಾಬಿನ ವಿಷಯ ಯಾರೂ ತಗದಿಲ್ಲ. ಕಪಾಟಿನ ನಾಬಿಗೂ ಬಾಗಿಲ ನಾಬಿಗೂ ಕೂಡ್ಸೂ ರೀತಿ ಪೂರಾ ಬ್ಯಾರೆ.

ಮಾರ್ಟೈಸ್ ಕೀಲಿ (ಬಾಗಿಲಂಚಿನ ಒಳಗ ಹುಗದ ಕೀಲಿ) ಇದ್ದ ಬಾಗಿಲಕ್ಕ ನಡುವ 8 ಮಿ.ಮೀ. ಚೌಕ ಸಳಿ ಹೋಗ್ತದ, ಎರಡೂ ಕಡೆ ಹಿಡಿಕಿ ಅದಕ್ಕ ಸಣ್ಣ, ತಲಿ ಇಲ್ಲದ ಗ್ರಬ್ ಸ್ಕ್ರೂದಿಂದ ಕಚ್ಚತಾವ. ಹಿಡಿಕಿ ಕೈಗೆ ಬರೂದಕ್ಕ ಹತ್ತರಾಗ ಒಂಬತ್ತು ಸಲ ಕಾರಣ ಈ ಗ್ರಬ್ ಸ್ಕ್ರೂನ. ಅದರ ಮೂತಿ ಸಳಿಯ ಸಪಾಟ ಮೈಮ್ಯಾಲ ಕೂಡಬೇಕು, ಮೂಲಿ ಮ್ಯಾಲ ಅಲ್ಲ. ಸಳಿ ಬಾಗಿಲ ದಪ್ಪಕ್ಕ ಸರಿಯಾಗಿ ನಡುವ ಇರಬೇಕು. ಒಂದ ಕಡೆ ಸರದ್ರ ಇನ್ನೊಂದ ಕಡೆ ಹಿಡಿಕಿಯೊಳಗ 5-6 ಮಿ.ಮೀ. ಅಷ್ಟ ಹೊಕ್ಕಿರ್ತದ, ಗ್ರಬ್ ಸ್ಕ್ರೂ ಗಾಳಿಯೊಳಗ ಬಿಗೀತದ. ನೀಲಿ ಥ್ರೆಡ್‌ಲಾಕ್ (ಥ್ರೆಡ್ ಸಡಲ ಆಗದಂಗ ಹಾಕೂ ಅಂಟು) ಒಂದ ಹನಿ ಹಾಕ್ರಿ. ಕೆಂಪು ಬ್ಯಾಡ, ಅದು ಕಾಸದ ಬಿಚ್ಚಂಗಿಲ್ಲ. ಒಂದ ವಾರ ಬಳಸಿದ ಮ್ಯಾಲ ಮತ್ತೊಮ್ಮೆ ಅಲನ್ ಕೀಲಿ ಹಾಕಿ ನೋಡ್ರಿ.

ದುಂಡ ನಾಬಿನ ಸಿಲಿಂಡ್ರಿಕಲ್ ಕೀಲಿಗೆ ಬಾಗಿಲದಾಗ 54 ಮಿ.ಮೀ. ತೂತು, ಅಂಚಿಂದ ನಾಲಿಗಿಗೆ 25 ಮಿ.ಮೀ. ತೂತು. ಬಾಗಿಲಂಚಿಂದ ನಾಬಿನ ನಡುವಿಗೆ 60 ಇಲ್ಲಾ 70. ಜಾಗ ಇದ್ರ 70 ತಗೋರಿ. 60 ಇಟ್ರ ಚೌಕಟ್ಟಿಗೆ ಬೆರಳ ಗಂಟು ತರಚತಾವ. ಮೊದಲ ದೊಡ್ಡ ತೂತು ಕೊರೀರಿ, ಅರ್ಧ ಒಂದು ಮಗ್ಗಲಿಂದ, ಇನ್ನರ್ಧ ಎದರ ಮಗ್ಗಲಿಂದ. ಆಮ್ಯಾಲ ಅಂಚಿಂದು.

ಫ್ಲಶ್ ಡೋರ್ ಆದ್ರ ಒಳಗ ಪೂರಾ ಕಟಗಿ ಐತೋ ಪೊಳ್ಳೋ ನೋಡಬೇಕು. ಐಎಸ್ 2202 ಗುರುತಿಂದು ಗಟ್ಟಿ ಒಡಲಿಂದು. ಪೊಳ್ಳಿದ್ದದ್ದಕ್ಕ ಕೀಲಿ ಕೂಡೂ ಜಾಗದಾಗ ಅಷ್ಟ ಕಟಗಿ ತುಂಡು ಇರ್ತದ. ಬಡದು ನೋಡಿದ್ರ ದನಿ ಹೇಳ್ತದ. ಪೊಳ್ಳ ಜಾಗದಾಗ ಎಳಿಯೂ ಹಿಡಿಕಿ ಹಾಕಿ ಆರುಪಾರು ಬೋಲ್ಟು ಬಿಗದ್ರ ಎರಡೂ ಪದರ ಒಳಗ ಕುಸೀತಾವ. ಬಾಗಿಲ ದಪ್ಪದಷ್ಟ ಉದ್ದದ ಕಬ್ಬಿಣದ ಕೊಳವಿ ಬೋಲ್ಟಿಗೆ ತೊಡಿಸಿ ಹಾಕ್ರಿ, ಬಿಗಿ ಕೊಳವಿ ಮ್ಯಾಲ ಬೀಳ್ತದ.

ಹಳೇ ವಾಡೇದ ಸಾಗವಾನಿ ಕದಗಳು ಬ್ಯಾರೆ ಮಾತು. ಎರಡಿಂಚು ದಪ್ಪ, ಅಗಲ ಹಲಗಿ. ನಮ್ಮ ಕಡೆ ಏಪ್ರಿಲ್-ಮೇ ಬಿಸಲಿಗೆ ಹಲಗಿ ಅಗಲಕ್ಕ ಕುಗ್ಗತದ, ಮಳಿಗಾಲಕ್ಕ ಹಿಗ್ಗತದ. ಎಳಿ ಉದ್ದಕ್ಕ ಅಷ್ಟು ಅಲುಗಂಗಿಲ್ಲ. ಹಿಂಗಾಗಿ ಹಿಡಿಕಿ ಎರಡೂ ತೂತು ಮ್ಯಾಲ-ಕೆಳಗ ಬಂದ್ರ ತೊಂದ್ರಿ ಇಲ್ಲ. ಅಗಲ ತಟ್ಟಿ ಇದ್ದು ತೂತು ಎಡಕ್ಕ-ಬಲಕ್ಕ ಬಂದ್ರ ಒಂದ ಬಾಜು ತೂತು ಅಡ್ಡಕ್ಕ 2 ಮಿ.ಮೀ. ಉದ್ದ ಮಾಡ್ರಿ. ಹಂಗ ಮಾಡದಿದ್ರ ವರ್ಷಾ ವರ್ಷಾ ಸ್ಕ್ರೂ ತನ್ನ ತೂತ ತಾನ ಅಗಲ ಮಾಡ್ಕೋತದ.

---

ಶಹಾಪುರ ಕೌಂಟರ್

ಅಗಲ ಆದ ತೂತಿಗೆ ಬೆಂಕಿಕಡ್ಡಿ ಮತ್ತ ಫೆವಿಕಾಲ್ ತುಂಬೂದು ಎಲ್ಲಾರ ರೂಢಿ. ನಾಬಿಗೆ ಸಾಕಾಕ್ಕೈತಿ ಅಂತೀನಿ.

---

ಗುಮ್ಮಟದ ಕಡೆಯವರು

ಕಪಾಟಿಗೆ ಆಗಬಹುದು ಸರ್, ದಿನಾ ಎಳಿಯೂ ಬಾಗಿಲಕ್ಕ ಬ್ಯಾಡ. ಬೆಂಕಿಕಡ್ಡಿ ಮೆತ್ತನ್ನ ಕಟಗಿ. ತೂತು 10 ಮಿ.ಮೀ.ಕ್ಕ ನೇರ ಕೊರದು ಸ್ವಚ್ಛ ಮಾಡಿ, ಅದ ಜಾತಿ ಕಟಗಿ ಗೂಟ ಅಂಟು ಹಚ್ಚಿ ಬಡೀರಿ, ಒಂದ ದಿನ ಬಿಟ್ಟು ಮಟ್ಟ ಕತ್ತರಿಸಿ ಹೊಸಾ ತೂತು ಕೊರೀರಿ. ಗೂಟದ ಎಳಿ ಹಲಗಿ ಎಳಿ ಜೋಡಿ ಒಂದ ದಿಕ್ಕಿಗೆ ಬರೂಹಂಗ ಹಲಗಿ ಮುಖದಿಂದ ಕಡದ ಗೂಟ ಇದ್ರ ಇನ್ನಾ ಚಲೋ. ಸಾಮಾನ್ಯ ಉದ್ದೆಳಿ ಗೂಟದಾಗ ಸ್ಕ್ರೂ ಮತ್ತ ಕತ್ತರಿಸಿದ ಮುಖಕ್ಕನ ಬೀಳ್ತದ.

---

ನವನಗರ ಮನಿಕೆಲಸ

ತರೂ ಸಾಮಾನು ಬರದೀನಿ, ತಪ್ಪಿದ್ರ ತಿದ್ದರಿ. 75 ಮಿ.ಮೀ. ಗಾಲಿ ಎಂ10 × 25, ನಾಕು, ಅದರಾಗ ಎರಡಕ್ಕ ಬ್ರೇಕು. ಎಂ10 ಟಿ-ನಟ್ ನಾಕು. 18ರ ಪ್ಲೈ ಪಟ್ಟಿ 450 × 75, ಎರಡು. ಎಂ6 × 45 ದುಂಡು ತಲಿ ಬೋಲ್ಟು 10, ನಟ್ 10, ವಾಸರ್ 20. ಎಂ4 × 40 ಸ್ಕ್ರೂ ಎರಡು, ವಾಸರ್ ಎರಡು, ರಬ್ಬರ್ ವಾಸರ್ ಎರಡು. ಗಾಲಿ ನೈಲಾನಿಂದು.

---

ಉದ್ಯಮಬಾಗ ಟರ್ನರ್

ನೈಲಾನ್ ಬೇಡ, ಫರಸಿ ಮೇಲೆ ಗಡಗಡ ಸದ್ದು, ಸಂದಿಯ ಅಂಚಿಗೆ ಧಕ್ಕೆ ಪೂರ್ತಿ ಬೋಲ್ಟಿಗೆ ಹೋಗುತ್ತದೆ. ಪಿಯು (ಪಾಲಿಯುರೇಥೇನ್) ಅಥವಾ ರಬ್ಬರ್ ಮೈ ಇರುವುದು ತನ್ನಿ. ನಟ್ ಹತ್ತೂ ನೈಲಾನ್ ಉಂಗುರದ ನೈಲಾಕ್ ಇರಲಿ. ಅದರ ಎತ್ತರ 6 ಮಿ.ಮೀ., ಹಾಗಾಗಿ 45ರ ಬದಲು 50ರ ಬೋಲ್ಟು. ನಟ್ ಕೆಳಗಡೆ ಬರುವುದರಿಂದ ಬೋಲ್ಟಿನ ತುದಿ ಒಂದಷ್ಟು ಹೊರಬಂದರೂ ತೊಂದರೆ ಇಲ್ಲ.

ಟಿ-ನಟ್ ಐದು ತನ್ನಿ, ಒಂದು ಓರೆ ಹೊಕ್ಕರೆ ಅದನ್ನೇ ಮತ್ತೆ ಬಡಿಯಲು ಬರುವುದಿಲ್ಲ. ಬ್ರೇಕಿನ ಎರಡೂ ಗಾಲಿ ನಿಂತು ಕೆಲಸ ಮಾಡುವ ಕಡೆಗೆ ಬರಲಿ, ಕಾಲಿನಿಂದ ಒತ್ತಲು ಸಿಗಬೇಕು. ಗಾಲಿ ಸುತ್ತ ತಿರುಗುವಾಗ ಹಿಡಿಯುವ ಜಾಗ ಅಳೆದುಕೊಂಡು, ಹತ್ತಿರದ ಎಂ6 ನಟ್ಟಿಗೂ ಬೋಲ್ಟಿನ ತುದಿಗೂ ಗಾಲಿ ತಗಲದಂತೆ ತೂತು ಗುರುತು ಮಾಡಿ.

---

ನವನಗರ ಮನಿಕೆಲಸ

ಆತ್ರಿ ಸರ್, ಎಂ6 × 50 ನೈಲಾಕ್, ಗಾಲಿ ಪಿಯು, ಟಿ-ನಟ್ ಐದು ಅಂತ ತಿದ್ದಿದೆ. ಪಟ್ಟಿ ಕೊರಿಯೂಮುಂಚೆ ಗಾಲಿ ತಿರುಗಿಸಿ ಅಳತಿ ತಗೋತೀವಿ.